ದೊಡ್ಡಹುಣಸಿಯ ಮೊದಲ ಸವಾರಿ

"ಇನ್ನೊಂದು ಬೆರಳು ಇಳಸ್ರಿ," ಎಂದು ಪದ್ಮಜಾ ಮರದ ಕುದುರೆಯ ಮೇಲಿಂದ ಕೆಳಗಿಳಿದಳು. ಇಸ್ಮಾಯಿಲಸಾಬ ಸೀಟಿನಡಿಯ ಹಲಗೆಯ ಮೊಳೆ ಕಿತ್ತು, ಹಲಗೆಯನ್ನು ಕೆಳಗೆ ಜಾರಿಸಿ, ಮತ್ತೆ ಬಡಿದ. ಅವಳು ಏರಿ ಕೂತು ಎರಡೂ ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿದಳು.

"ಖರೇ ಗಾಡಿನ ಬರಾಕತ್ತೈತಿ ಇವತ್ತ. ಇನ್ನೂ ಇದನ್ಯಾಕ ಇಳಸ್ತೀರಿ ಬಾಯಾರ?"

"ಅದು ಬರೋತನಕಾ ಇದ ಖರೇ."

ಸವಣೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇಸ್ಮಾಯಿಲಸಾಬನದು ಬೈಕಿನ ಸೀಟು ಹೊಲಿಯುವ ಅಂಗಡಿ. ಹೊಲಿದ ಸೀಟನ್ನು ಕೂತು ನೋಡಲೆಂದು ಅವನು ಮಾಡಿಕೊಂಡಿದ್ದ ಮರದ ಚೌಕಟ್ಟೇ ಈ ಕುದುರೆ. ಒಮ್ಮೆ ಹಂಸಭಾವಿಯ ಗೋವಿನಜೋಳದ ವ್ಯಾಪಾರಿ ಭರಮಪ್ಪ, ಇನ್ನೂ ಹುಟ್ಟದ ಒಂದು ಗಾಡಿಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ, "ಇದರ ಮ್ಯಾಲ ಕುಂತ್ರ ಹೆಂಗ ಅನಸ್ತೈತಿ ಸಾಬರ?" ಎಂದಿದ್ದ. ಇಸ್ಮಾಯಿಲಸಾಬ ಗುಜರಿಯಿಂದ ಹ್ಯಾಂಡಲ್ ತಂದು ಕುದುರೆಗೆ ಕಟ್ಟಿದ. ಅಂದಿನಿಂದ ಪ್ರತಿ ರವಿವಾರ ಮುಂಜಾನೆ ಅಲ್ಲಿ ಗಾಡಿ ಹುಚ್ಚಿನವರ ಸಭೆ. ಇಂಟರ್ನೆಟ್ಟಿನಲ್ಲಿ ಸುದ್ದಿ ಬದಲಾದಂತೆ ಕುದುರೆಯ ಮೈಯೂ ಬದಲಾಗುತ್ತಿತ್ತು. ಹ್ಯಾಂಡಲ್ ಅಗಲವಾಗುತ್ತದಂತೆ ಎಂದರೆ ಅಗಲ, ಕಾಲಿಡುವ ಜಾಗ ಮುಂದಕ್ಕೆ ಬಂತಂತೆ ಎಂದರೆ ಮುಂದಕ್ಕೆ. ಮಾರುಕಟ್ಟೆಗೆ ಬಾರದ ಎಷ್ಟೋ ಗಾಡಿಗಳನ್ನು ಅವರು ಆ ಓಣಿ ಬಿಡದೆ ಓಡಿಸಿದ್ದರು.

ಅವರೊಳಗೆ ಒಂದು ಕರಾರೂ ಇತ್ತು. ಕಂಪನಿಯವರು ಹೊಸ ಗಾಡಿಗೆ ಕಪ್ಪು-ಬಿಳಿ ಸ್ಟಿಕರ್ ಸುತ್ತಿ, ಗುರುತು ಸಿಗದಂತೆ ಮಾಡಿ ಹೆದ್ದಾರಿಯಲ್ಲಿ ಪರೀಕ್ಷೆ ಮಾಡುತ್ತಾರಲ್ಲ, ಅದನ್ನು ಯಾರು ಮೊದಲು ಕಾಣುತ್ತಾರೋ ಅವರೇ ಅದಕ್ಕೆ ಹೆಸರಿಡಬೇಕು. ಮುಂದೆ ಗುಂಪಿನಲ್ಲಿ ಯಾರೇ ಆ ಗಾಡಿ ಕೊಂಡರೂ, ಶೋರೂಮಿನಿಂದ ಓಣಿಗೆ ತಂದ ಮೇಲೆ ಮೊದಲ ಸವಾರಿ ಕಂಡವರದು.

ಇವತ್ತು ಬರಲಿದ್ದ ಗಾಡಿಯನ್ನು ಮೊದಲು ಕಂಡವಳು ಪದ್ಮಜಾ. ಬಂಕಾಪುರದಲ್ಲಿ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಅವಳ ಕೆಲಸ. ಅವತ್ತು ಸ್ಕೂಟಿ ಕೆಟ್ಟು, ಬಂಕಾಪುರ ಕ್ರಾಸಿನಲ್ಲಿ ಬಸ್ಸಿಗೆ ನಿಂತಿದ್ದಳು. ಚಹಾದಂಗಡಿಯ ಮುಂದೆ ಅದು ಒರಗಿತ್ತು. ಅಳಿಸಿದ ರಂಗೋಲಿಯಂಥ ಮೈ, ಸವಣೂರಿನ ಮಠದಲ್ಲಿರುವ ಆನೆಗಾತ್ರದ ದೊಡ್ಡಹುಣಸೆ ಮರದ ಬೊಡ್ಡೆಯಂಥ ಟಾಂಕಿ. ಸವಾರ ಕಪ್ ಇಟ್ಟು ಏರಿ ಹೊರಟ. ಸಪ್ಪಳದಲ್ಲಿ ಅವಸರವೇ ಇರಲಿಲ್ಲ. ಊಟ ಮುಗಿಸಿದ ಹಿರಿಯರು ಎಲೆಅಡಿಕೆ ಜಗಿಯುತ್ತ ಮಾತಾಡಿದ ಹಾಗೆ. ಅದು ಕಾಣದಾದ ಮೇಲೂ ಅವಳು ಆ ಕಡೆಗೇ ನೋಡುತ್ತ ನಿಂತಿದ್ದಳು. ಸವಣೂರಿನ ಬಸ್ಸು ಬಂದು ಹೋದದ್ದು ಗೊತ್ತೇ ಆಗಲಿಲ್ಲ.

"ದೊಡ್ಡಹುಣಸಿ" ಎಂದು ಹೆಸರಿಟ್ಟಳು.

ಆಮೇಲೆ ಭರಮಪ್ಪನ ಹಳೆಯ ಗಾಡಿಯ ಮೇಲೆ, ಹತ್ತಿ ಮಿಲ್ಲಿನ ಬಯಲಿನಲ್ಲಿ ಗೇರು ಹಾಕಲು ಕಲಿತು ಲೈಸೆನ್ಸ್ ತೆಗೆದಳು. ಗಂಡ ಜಯತೀರ್ಥನಿಗೆ ಗಾಡಿಯ ಮಾತು ತೆಗೆದಾಗ ಅವನು "ನೋಡೋಣು" ಎಂದ. ಬೇಡ ಎಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. "ಎಲ್ಲಿಗೆ ಹೋಗಬೇಕು ಹೇಳು" ಎಂದೂ ಕೇಳಿದ. ಹಾನಗಲ್ಲು, ಶಿರಸಿ, ಘಟ್ಟ ಇಳಿದರೆ ಸಮುದ್ರ. ಆದರೆ ಊರಿನ ಹೆಸರು ಹೇಳಿದರೆ ಅವನು ಕಾರು ತೆಗೆಯುತ್ತಾನೆ. ಅವಳಿಗೆ ಬೇಕಾದದ್ದು ಊರಲ್ಲ, ತಾನೇ ಓಡಿಸಿಕೊಂಡು ಆ ಊರಿಗೆ ಹೋಗುವುದು.

ಈಗ ಗುಂಪಿನವನೇ ಆದ ಶಿಗ್ಗಾಂವಿಯ ವಕೀಲ ಸುಶೀಂದ್ರ ದೊಡ್ಡಹುಣಸಿಯನ್ನು ಕೊಂಡಿದ್ದ. ಹುಬ್ಬಳ್ಳಿಯಿಂದ ನೇರ ಇಲ್ಲಿಗೇ ತರುತ್ತಿದ್ದ. ಪದ್ಮಜಾ ಹೊಸ ಬೂಟು ಹಾಕಿಕೊಂಡು ಬಂದಿದ್ದಳು.

"ಇದು ಬರೀ ಆರಾಮ ಕುಂತ ಹೋಗೂ ಕ್ರೂಸರ್ ಆತು," ಎಂದ ಭರಮಪ್ಪ, ಮೊಬೈಲಿನಿಂದ ತಲೆ ಎತ್ತದೆ. "ಮುಂದಿನ ವರ್ಷ ಇದರದ ಟೂರಿಂಗ್ ಬರತೈತಂತ. ಮುಂದ ದೊಡ್ಡ ಗಾಜು, ಎರಡೂ ಬಾಜೂಕ ಪೆಟ್ಟಿಗಿ. ಡಬಲ್ ಸಿಲಿಂಡರ್."

"ಯಾರಂದ್ರು?" ಪದ್ಮಜಾ ಕೇಳಿದಳು.

"ಪುಣೆದಾವ ಒಬ್ಬ ವಿಡಿಯೋ ಹಾಕ್ಯಾನ್ರಿ. ಸಪ್ಪಳ ಕೇಳಿದ್ರ ತಿಳಿತೈತಿ."

"ಅಂವ ವಿಡಿಯೋ ಮಾಡುವಾಗ ಹಿಂದ ಗೋವಿನಜೋಳದ ಮಶೀನ್ ನಡದಿರಬೇಕು ತಗೋ," ಎಂದ ಇಸ್ಮಾಯಿಲಸಾಬ.

"ಆ ಮಶೀನ್ ಸಪ್ಪಳ ನನಗ ತಿಳಿಯೂದಿಲ್ಲೇನ ಸಾಬರ? ಅದರಾಗ ಹುಟ್ಟಿ ಬೆಳದಾವ ನಾ."

ಪದ್ಮಜಾ ನಗುತ್ತಿದ್ದವಳು ಥಟ್ಟನೆ ಕೈ ಎತ್ತಿದಳು. ಓಣಿಯ ತುದಿಯಿಂದ ಆ ಸಪ್ಪಳ ಬರುತ್ತಿತ್ತು. ಅದೇ ಎಲೆಅಡಿಕೆಯ ಮಾತು.

ಸುಶೀಂದ್ರ ಗಾಡಿ ನಿಲ್ಲಿಸಿ ಸ್ಟ್ಯಾಂಡ್ ಹಾಕಿದ. ಸ್ಟಿಕರಿಲ್ಲದ ದೊಡ್ಡಹುಣಸಿ ಕಡುಹಸಿರಾಗಿತ್ತು. ಭರಮಪ್ಪ ನೀಲಿ ಎಂದಿದ್ದ, ಸೋತ. ಹ್ಯಾಂಡಲಿಗೆ ಚೆಂಡುಹೂವಿನ ಮಾಲೆ, ಚಕ್ರಕ್ಕೆ ಅಂಟಿದ ಲಿಂಬೆಹಣ್ಣಿನ ಸಿಪ್ಪೆ. ಇಸ್ಮಾಯಿಲಸಾಬ ಸೀಟನ್ನು ಹೆಬ್ಬೆರಳಿನಿಂದ ಒತ್ತಿ, "ಫೋಮ್ ಚಲೋ ಹಾಕ್ಯಾರ," ಎಂದ.

"ಕುಂತ ನೋಡ್ರಿ ಅಕ್ಕಾರ," ಎಂದ ಸುಶೀಂದ್ರ.

ಪದ್ಮಜಾ ಕಾಲು ಹಾಯಿಸಿ ಕೂತಳು, ಗಾಡಿಯನ್ನು ನೆಟ್ಟಗೆ ಎತ್ತಿದಳು, ಸ್ಟ್ಯಾಂಡನ್ನು ಹಿಂದಕ್ಕೆ ತಳ್ಳಿದಳು. ಭಾರವೆಲ್ಲ ಅವಳ ತೊಡೆಗಳ ನಡುವೆ ಬಂದು ತಣ್ಣಗೆ ನಿಂತಿತು. ಇಸ್ಮಾಯಿಲಸಾಬ ಬಗ್ಗಿ ಅವಳ ಹಿಮ್ಮಡಿಗಳನ್ನು ನೋಡಿದ. ಎರಡೂ ನೆಲದ ಮೇಲಿದ್ದವು.

"ಮಾಶಾಅಲ್ಲಾ," ಎಂದ. "ಕುದುರಿ ಸುಳ್ಳು ಹೇಳಿಲ್ಲ."

ಅವಳು ಕೈ ಚಾಚಿದಳು. "ಕೀಲಿ ಕೊಡು ಸುಶೀಂದ್ರ."

ಸುಶೀಂದ್ರ ಕೀಲಿಯನ್ನು ಬೆರಳಿಗೆ ಸುತ್ತಿಕೊಂಡ. ಬಿಚ್ಚಿದ. ಮತ್ತೆ ಸುತ್ತಿಕೊಂಡ. "ತೂಕ ಭಾಳ ಅದ, ಅಕ್ಕಾರ."

"ಎತ್ತಿ ಹಿಡದಾರಲ್ರಿ ವಕೀಲರ," ಎಂದ ಭರಮಪ್ಪ. "ನನ್ನ ಗಾಡಿ ಏನ್ ಹಗುರಿತ್ತ? ಅದನ್ನ ಮಿಲ್ಲಿನ ಬಯಲಾಗ ಗಿರಗಿಟ್ಲೆ ತಿರಿಗಿಸ್ಯಾರ."

"ಬಯಲ ಬ್ಯಾರೆ, ರೋಡ ಬ್ಯಾರೆ. ಹೊಸಾ ಗಾಡಿ..." ಎಂದ ಸುಶೀಂದ್ರ. ಅವನ ಕಣ್ಣು ಅವಳ ಮೇಲಿರಲಿಲ್ಲ, ಟಾಂಕಿಯ ಮೇಲಿತ್ತು. ಅವನೂ ಕಾದವನೇ. ರವಿವಾರ ತಪ್ಪಿಸದೆ ಬಂದು ಇದೇ ಕುದುರೆಯ ಮೇಲೆ ಕೂತವನು. ಅದು ಪದ್ಮಜಾಳಿಗೆ ಗೊತ್ತಿತ್ತು. ಆದರೂ ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವನಿಗೆ ಏನೋ ಹೊಳೆದಂತಾಯಿತು. ಮುಖ ಅರಳಿತು.

"ಕರಾರು ಅಂದ್ರ ಕರಾರು. ಮೊದಲ ಸವಾರಿ ನಿಮ್ದ. ನಾ ಹೊಡೀತೇನಿ, ನೀವು ಹಿಂದ ಕುಂಡ್ರಿ. ಬಂಕಾಪುರ ಕ್ರಾಸಿಗೆ ಹೋಗೋಣು, ನೀವು ಇದನ್ನ ನೋಡಿದ ಜಾಗಾದಾಗನ ಚಹಾ ಕುಡದು ಬರೋಣು. ಬರ್ರಿ."

ಹಿಂದಿನ ಸೀಟು. ಟಾಂಕಿ, ಗೇರು, ದೀಪ, ಬಣ್ಣ, ಕಾಲಿಡುವ ಜಾಗ ಎಲ್ಲದರ ಬಗ್ಗೆಯೂ ಅವರು ಊಹೆ ಮಾಡಿದ್ದರು. ಇದೊಂದರ ಬಗ್ಗೆ ಯಾರೂ ಮಾಡಿರಲಿಲ್ಲ. ಅಂಗಡಿಯೊಳಗೆ ನಿಂತ ಮರದ ಕುದುರೆಗೆ ಒಬ್ಬರು ಕೂರುವಷ್ಟೇ ಹಲಗೆಯಿತ್ತು.

ಪದ್ಮಜಾ ಸ್ಟ್ಯಾಂಡ್ ಹಾಕಿದಳು. ಇಳಿದಳು. ಸುಶೀಂದ್ರ ಏರಿ ಕೂತು, ಕೀಲಿ ತಿರುವಿ, ಹಿಂದಿನ ಸೀಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ ಅವಳಿಗೆ ಜಾಗ ತೋರಿಸಿದ.

"ಒಲ್ಲೆ," ಎಂದಳು ಪದ್ಮಜಾ.