ನಿಲ್ದಾಣಕ್ಕೆ ಹೆಸರಿಟ್ಟ ದಿನ

ನೆಲದ ಹೊಟ್ಟೆ ಬಗೆದು ಹೊಟ್ಟೆ ಹೊರೆಯುವ ಊರೊಂದಿತ್ತು. ಅಲ್ಲಿಗೆ ರೈಲು ಮೊದಲು ಬಂದದ್ದು ಕಲ್ಲಿದ್ದಲಿಗಾಗಿ. ಮನುಷ್ಯರನ್ನು ಹತ್ತಿಸಿಕೊಂಡದ್ದು ಹನ್ನೆರಡು ವರ್ಷಗಳ ಮೇಲೆ. ಆಗ ಕಟ್ಟಿದ ನಿಲ್ದಾಣಕ್ಕೆ ಎರಡು ಬಾಗಿಲಿಟ್ಟರು. ಮುಂಬಾಗಿಲು ಬಿಳಿ ಬಟ್ಟೆಯವರಿಗೆ, ಹಿಂಬಾಗಿಲು ಮಸಿ ಮೈಯವರಿಗೆ.

ಸ್ಟೇಷನ್ ಮಾಸ್ತರ ಸೋಮಲಿಂಗ ಈ ನಿಯಮವನ್ನು ಚಾಚೂ ತಪ್ಪದೆ ನಡೆಸುತ್ತಿದ್ದ. ಅವನನ್ನು ಓದಿಸಿದ ತಂದೆ ಹಾಲಪ್ಪ ಗಣಿಯ ಕೂಲಿಯೆಂಬುದು ಉಳಿದ ಕೂಲಿಗಳಿಗೆಲ್ಲ ಗೊತ್ತಿತ್ತು. ಆದರೆ ಅವರನ್ನು ಕೇಳುವವರಿರಲಿಲ್ಲ. ಕಚೇರಿಯಲ್ಲಿ ಸೋಮಲಿಂಗ ತನಗೆ ಯಾರೂ ಇಲ್ಲವೆಂದು ಬರೆಸಿದ್ದ.

ನಿಲ್ದಾಣಕ್ಕೆ ಹೊಸ ಹೆಸರಿಡಲು ಗಣಿಯ ಧಣಿ ಬರುವ ದಿನ ಹಿಂಬಾಗಿಲಿಗೆ ಬೀಗ ಬಿತ್ತು. ಮಗ ಬೆಳಗ್ಗೆ ಉಣ್ಣದೆ ಹೋಗಿದ್ದನೆಂದು ಹಾಲಪ್ಪ ರೊಟ್ಟಿಯ ಗಂಟು ಹಿಡಿದು ಮುಂಬಾಗಿಲಿಂದಲೇ ಒಳಗೆ ಬಂದ. ಧಣಿ ಎದುರಿಗೇ ನಿಂತಿದ್ದ.

"ಯಾರಿವನು?"

"ಯಾರೋ ಕೂಲಿ, ಸ್ವಾಮಿ. ದಾರಿ ತಪ್ಪಿ ಬಂದಿದ್ದಾನೆ," ಎಂದ ಸೋಮಲಿಂಗ.

ಮುದುಕನ ಕಣ್ಣು ಮಾಸ್ತರನ ಮೇಲೇ ಇದ್ದುದನ್ನು ಕಂಡು ಧಣಿ ಅವನತ್ತ ತಿರುಗಿದ. "ಮಾಸ್ತರು ನಿನಗೆ ಗುರುತೇನು?"

ಹಾಲಪ್ಪ ಮಗನ ಮುಖ ನೋಡಿದ. "ಇಲ್ಲ ಧಣಿ. ಇಷ್ಟು ದೊಡ್ಡವರು ನಮಗೆಲ್ಲಿಂದ ಗುರುತಾಗಬೇಕು?" ಎಂದು ಗಂಟನ್ನು ಎದೆಗವಚಿಕೊಂಡು ಹೊರಟುಹೋದ.

ಹಾರ ತುರಾಯಿಗಳಾದ ಮೇಲೆ ಧಣಿ ಕಾಗದ ಬಿಚ್ಚಿ ಓದಿದ. ಹಿಂದೆ ಗಣಿಗೆ ಬೆಂಕಿ ಬಿದ್ದಾಗ ಒಬ್ಬ ಕೂಲಿ ಏಳು ಜನರನ್ನು ಹೊತ್ತು ಮೇಲೆ ತಂದಿದ್ದ. ನಿಲ್ದಾಣಕ್ಕೆ ಅವನದೇ ಹೆಸರು, ಹಾಲಪ್ಪ ನಿಲ್ದಾಣ.

"ಆತ ಬದುಕಿದ್ದಾನೆಯೇ? ಅವನವರು ಯಾರಾದರೂ ಇದ್ದಾರೆಯೇ?" ಎಂದು ಧಣಿ ಮಾಸ್ತರನನ್ನು ಕೇಳಿದ.

ತಂದೆ ಈ ಮಾತನ್ನು ಮನೆಯಲ್ಲಿ ಒಂದು ದಿನವೂ ಎತ್ತಿರಲಿಲ್ಲ. ಸೋಮಲಿಂಗ ಧಣಿಯ ಕೈಯಲ್ಲಿದ್ದ ಕಾಗದ ನೋಡಿದ. ಈಗ ಹೌದೆಂದರೆ ಆಗಲೇ ಆಡಿದ ಸುಳ್ಳು ಎಲ್ಲರೆದುರು ಬಯಲಾಗುತ್ತಿತ್ತು.

"ಯಾರೂ ಇಲ್ಲ, ಸ್ವಾಮಿ," ಎಂದ.

ಸಂಜೆ ಅವನು ತಲೆ ತಗ್ಗಿಸಿ ಮನೆ ಸೇರಿದಾಗ ಹಾಲಪ್ಪ ತಟ್ಟೆ ಇಟ್ಟ. "ಹಸಿದಿರ್ತೀಯ. ಉಣ್ಣಪ್ಪ."

"ಅಪ್ಪಾ, ನಾನು..."

"ಮೊದಲು ಕೈ ತೊಳಕೊ."

ಸೋಮಲಿಂಗ ಕೈ ತೊಳೆದು ಉಂಡ. ಹೇಳಬೇಕಾದ ಮಾತನ್ನು ನಾಳೆಗೆ, ನಾಡಿದ್ದಿಗೆ ಎಂದು ಮುಂದೂಡುತ್ತ ಹೋದ. ಆ ಚಳಿಗಾಲದಲ್ಲಿ ಹಾಲಪ್ಪ ಕೆಮ್ಮಿ ಕೆಮ್ಮಿ ತೀರಿಕೊಂಡ.

ಮುಂದೆ ರೈಲಿನವರು ಹೊಸ ನಿಯಮವೊಂದನ್ನು ತಂದರು: ಗಾಡಿ ಬಂದು ನಿಂತಾಗಲೆಲ್ಲ ಮಾಸ್ತರು ನಿಲ್ದಾಣದ ಹೆಸರನ್ನು ಮೂರು ಸಲ ಕೂಗಬೇಕು. ಸೋಮಲಿಂಗ ನಿವೃತ್ತನಾಗುವವರೆಗೂ ಕೂಗಿದ. ಸತ್ತವನ ಹೆಸರನ್ನು ಇಷ್ಟು ಭಕ್ತಿಯಿಂದ ಕರೆಯುವವನನ್ನು ತಾವು ಕಂಡೇ ಇಲ್ಲವೆಂದು ಪ್ರಯಾಣಿಕರು ಮೆಚ್ಚಿ ಹೇಳುತ್ತಿದ್ದರು.