ಕುರ್ಚಿಯ ಮೇಲಿನ ಸಿತಾರ್

ಬೆಂಗಳೂರಿನ ಬಾಗಲಗುಂಟೆಯ ರಾಜ್ಯೋತ್ಸವದ ವೇದಿಕೆಯಲ್ಲಿ ಫಖ್ರುನ್ನೀಸಾ ಅವರ ಸಿತಾರಿಗೂ ಒಂದು ಕುರ್ಚಿ ಹಾಕಿದ್ದರು. ಅಂತಿಂಥ ಕುರ್ಚಿಯಲ್ಲ, ಆರತಕ್ಷತೆಯಲ್ಲಿ ಮದುಮಕ್ಕಳು ಕೂರುವ ಕೆಂಪು ಮಖಮಲ್ಲಿನ ಸಿಂಹಾಸನ. ಸಿತಾರಿನ ಕೊರಳಿಗೆ ಸೇವಂತಿಗೆ ಹಾರ, ಕೆಳಗಿನ ಸೋರೆಬುರುಡೆಗೆ ಮೂರು ಗೆರೆ ವಿಭೂತಿ, ನಡುವೆ ಕಾಸಗಲ ಕುಂಕುಮ. ಪಕ್ಕದ ಸಿಂಹಾಸನದಲ್ಲಿ ಸಿತಾರಿನ ಒಡತಿ. ಅವರಿಗೂ ಏಲಕ್ಕಿ ಹಾರ, ಶಾಲು, ತಲೆಗೆ ಮೈಸೂರು ಪೇಟ. ಮುಂದುಗಡೆ ಆರ್ಕೆಸ್ಟ್ರಾದ ಹುಡುಗರು ಕುಣಿದು ಕುಣಿದು ಹಾಡುತ್ತಿದ್ದರು, ಜನ ಶಿಳ್ಳೆ ಹೊಡೆಯುತ್ತಿದ್ದರು. ಧಾರವಾಡದಿಂದ ಇಷ್ಟು ದೂರ ಬಂದದ್ದು ಇದಕ್ಕೇನಾ ಎಂದು ಫಖ್ರುನ್ನೀಸಾ ಅವರಿಗೆ ತಲೆಬುಡ ತಿಳಿಯಲಿಲ್ಲ.

ಹೋದ ವರ್ಷ ಅವರ ಎಡಗೈಗೆ ಲಕ್ವ ಹೊಡೆದಿತ್ತು. ಕೈ ವಾಪಸ್ಸು ಬಂತು, ನಡುಬೆರಳು ಮಾತ್ರ ಪೂರ್ತಿ ಬರಲಿಲ್ಲ. ಆದರೂ ಹಟ ಹಿಡಿದು ಈ ಕಛೇರಿಗಳ ಪ್ರವಾಸ ಹೊರಟಿದ್ದರು. ದಾವಣಗೆರೆ ಹೇಗೋ ದಾಟಿತು. ತುಮಕೂರಿನಲ್ಲಿ ವೇಗ ಏರುತ್ತಿದ್ದಂತೆ ಬೆರಳು ಮುಷ್ಕರ ಹೂಡಿತು. ತುಂಬಿದ ಸಭೆಯ ಮುಂದೆ ಅರ್ಧಕ್ಕೇ ನಿಲ್ಲಿಸಿ, ಕೈಮುಗಿದು ಎದ್ದು ಬಂದಿದ್ದರು. ಬೆಂಗಳೂರಿನಲ್ಲೂ ಹೀಗಾದರೆ ಸಿತಾರಿಗೆ ಗವಸು ಹಾಕಿ ಅಟ್ಟಕ್ಕೇರಿಸುವುದೆಂದು ಅವತ್ತೇ ತೀರ್ಮಾನಿಸಿದ್ದರು.

ಕನ್ನಡ ಸಂಘದ ಅಧ್ಯಕ್ಷ ಬಾಲರಾಜು ಫೋನಿನಲ್ಲಿ ‘ಸಿತಾರ್ ಸಮೇತ ಬರ್ಲೇಬೇಕು ಮೇಡಂ’ ಎಂದಿದ್ದ. ಅಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅವನದು ಮೂರು ಅಪಾರ್ಟ್‌ಮೆಂಟು. ಬೀದಿಯ ಫ್ಲೆಕ್ಸಿನಲ್ಲಿ ಇವರ ಮುಖ ಇತ್ತು, ಅದರ ಎರಡರಷ್ಟು ಅವನ ಮುಖ ಇತ್ತು. ಮಧ್ಯಾಹ್ನ ಅವನ ಮನೆಯಲ್ಲೇ ಊಟ. ಉಂಡ ಮೇಲೆ ಫಖ್ರುನ್ನೀಸಾ ಎಲೆ ಎತ್ತಲು ಬಾಗಿದಾಗ ಅವನ ತಾಯಿ ಪಟಾಲಮ್ಮ ಗಬಕ್ಕನೆ ಕೈ ಹಿಡಿದುಕೊಂಡಿದ್ದಳು.

“ಬಿಡವ್ವ! ಮನೆಗ್ ಬಂದೋರ ಕೈಲಿ ಎಲೆ ಎತ್ತಿಸ್ತಾರಾ? ನಮ್ಮಟ್ಟೀಲಿ ಅಂಗೆಲ್ಲಾ ಇಲ್ಲ.”

ಇಷ್ಟು ಮರ್ಯಾದೆ ಮಾಡಿದವರು ಈಗ ವೇದಿಕೆಯಲ್ಲಿ ವಾದ್ಯ ಮುಟ್ಟಲು ಮಾತ್ರ ಯಾಕೆ ಬಿಡುತ್ತಿಲ್ಲ? ತುಮಕೂರಿನ ಸುದ್ದಿ ಇವರ ಕಿವಿಗೆ ಬಿದ್ದಿದೆಯೆ? ಪಾಪ, ಮುದುಕಿಯ ಮಾನ ಉಳಿಸೋಣ ಎಂದು ಕುರ್ಚಿಯಲ್ಲಿ ಕೂರಿಸಿಬಿಟ್ಟರೇ? ಅವರು ಹಿಂದೆ ಕೂತಿದ್ದ ತಬಲಾದ ನಂದಕುಮಾರನತ್ತ ತಿರುಗಿದರು.

“ನೀ ಏನರೆ ಹೇಳೀಯೇನೋ ಇವರಿಗೆ?”

“ನಾ ಯಾಕ ಹೇಳ್ಲಿರಿ ಆಪಾ? ನನಗೂ ಏನೂ ತಿಳೀವಲ್ದು.” ಅವನ ತಲೆಯ ಮೇಲೂ ಒಂದು ಪೇಟವಿತ್ತು, ಕಿವಿಯವರೆಗೆ ಇಳಿದಿತ್ತು.

ನಿಜ ಹೇಳಬೇಕೆಂದರೆ ಫಖ್ರುನ್ನೀಸಾ ಅವರಿಗೆ ಒಳಗೊಳಗೇ ಹಾಯೆನಿಸಿತ್ತು. ಹೀಗೇ ಕೂತಿದ್ದರೆ ಸಾಕು, ಬೆರಳಿನ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಮರುಗಳಿಗೆ ಆ ಹಾಯೆನಿಸಿದ್ದಕ್ಕೇ ಮೈಯೆಲ್ಲ ಉರಿಯಿತು. ಸಿತಾರಿನ ಕಡೆ ನೋಡಿದರು. ಹೂವು, ವಿಭೂತಿ, ಕುಂಕುಮ ಹೊತ್ತು ಅದು ತೆಪ್ಪಗೆ ಕೂತಿತ್ತು. ಅಟ್ಟಕ್ಕೂ ಈ ಕುರ್ಚಿಗೂ ಏನು ವ್ಯತ್ಯಾಸ?

ಹಾಡು ಮುಗಿದದ್ದೇ ಬಾಲರಾಜುವನ್ನು ಕರೆದರು. “ನನ್ನ ಪಾಳಿ ಯಾವಾಗ್ರಿ?”

ಬಾಲರಾಜು ನಾಲಿಗೆ ಕಚ್ಚಿಕೊಂಡ. “ಪಾಳೀನಾ? ಏನ್ ಮೇಡಂ ನೀವು! ಅಷ್ಟು ದೊಡ್ಡೋರ್ನ ಕರ್ಸಿ ಕೆಲ್ಸ ಮಾಡಿಸ್ತೀವಾ? ಊರೋರು ನಂಗೆ ಉಗೀತಾರೆ. ದುಡಿಯೋಕೆ ಆರ್ಕೆಸ್ಟ್ರಾದೋರು ಇದಾರಲ್ಲ. ನೀವು ಆರಾಮಾಗಿ ಕೂತ್ಕೊಳಿ, ಇನ್ನೊಂದು ಶಾಲು ಬಾಕಿ ಇದೆ.”

ಅವನಿಗೆ ತುಮಕೂರಿನ ಗಂಧಗಾಳಿಯೂ ಇರಲಿಲ್ಲ. ಫಖ್ರುನ್ನೀಸಾ ಅವರಿಗೆ ನಗು ಬಂತು, ಅಳುವೂ ಬಂತು, ಯಾವುದು ಮೊದಲು ಬಂತೆಂದು ಗೊತ್ತಾಗಲಿಲ್ಲ. ಎದ್ದು ವೇದಿಕೆಯ ಅಂಚಿಗೆ ಹೋಗಿ, ಮುಂದಿನ ಸಾಲಿನಲ್ಲಿದ್ದ ಪಟಾಲಮ್ಮನಿಗೇ ಹೇಳಿದರು.

“ಅವ್ವಾರ, ಇದು ಕೆಲಸಲ್ರಿ. ಇದು ನನ್ನ ಊಟ. ಮಧ್ಯಾಹ್ನ ನೀವು ಬಡಿಸಿದ್ದು ಹೊಟ್ಟಿಗಾತು. ಇದಿಲ್ಲಂದ್ರ ನಾ ಉಪವಾಸ ಹೋಗ್ತೇನಿ.”

ಪಟಾಲಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. “ಲೇ ಬಾಲ! ಅಸಿದೋರ್ನ ಕೂರುಸ್ಬಿಟ್ಟು ಶಾಲು ಒದಿಸ್ತಾ ಇದೀಯೇನ್ಲಾ? ಮದ್ಲು ಚಾಪೆ ಆಸ್ಲಾ!”

ಚಾಪೆ ಬಂತು. ಫಖ್ರುನ್ನೀಸಾ ಪೇಟ ತೆಗೆದಿಟ್ಟು, ಸಿತಾರಿನ ಹಾರ ಬಿಡಿಸಿ, ತಂತಿಗೆ ಮೆತ್ತಿದ್ದ ಕುಂಕುಮವನ್ನು ಸೆರಗಿನಿಂದ ಒರೆಸಿದರು. ಬುರುಡೆಯ ಮೇಲಿನದನ್ನು ಹಾಗೇ ಬಿಟ್ಟರು. ಯಮನ್ ರಾಗ ಎತ್ತಿಕೊಂಡರು. ಆಲಾಪ ಸರಾಗವಾಗಿ ಹೋಯಿತು. ಶಿಳ್ಳೆ ಹೊಡೆಯುತ್ತಿದ್ದ ಹುಡುಗರು ಇದಕ್ಕೆ ಎಲ್ಲಿ ಹೊಡೆಯಬೇಕೆಂದು ತಿಳಿಯದೆ ಸುಮ್ಮನಾದರು. ತಬಲಾ ಸೇರಿತು, ವೇಗ ಏರಿತು, ಸರಿಯಾಗಿ ತುಮಕೂರಿನ ಜಾಗಕ್ಕೇ ಬಂದು ನಡುಬೆರಳು ಮರಗಟ್ಟಿ ನಿಂತಿತು.

ತಬಲಾ ನಿಂತಿತು. ಜನ ಮುಖ ಮುಖ ನೋಡಿಕೊಂಡರು. ಮುಗಿಯಿತು ಎಂದುಕೊಂಡ ಫಖ್ರುನ್ನೀಸಾ, ಕಣ್ಣು ಮಂಜಾಗಿ, ಕೈಮುಗಿಯಲು ಎರಡೂ ಕೈ ಎತ್ತಿದರು.

“ಯಾಕವ್ವ ಕೈ ಎತ್ಬಿಟ್ಟೆ? ಅರ್ಧ ಊಟಕ್ಕೆ ಏಳ್ಬಾರ್ದು,” ಎಂದಳು ಪಟಾಲಮ್ಮ ಮುಂದಿನ ಸಾಲಿನಿಂದ. “ನಿಧಾನುಕ್ಕೇ ಆಗ್ಲಿ. ನಾವೇನು ನಿನ್ನ ಎಲೆ ಎತ್ತಾಕಲ್ಲ.”

ಫಖ್ರುನ್ನೀಸಾ ಎತ್ತಿದ ಕೈ ಇಳಿಸಿದರು. ನಂದಕುಮಾರನಿಗೆ ಕಣ್ಣಲ್ಲೇ ನಿಧಾನ ಎಂದು ಹೇಳಿ ಮತ್ತೆ ಮೊದಲಿನಿಂದ ಶುರುಮಾಡಿದರು. ಬೆರಳು ಮತ್ತೆ ಎರಡು ಸಲ ತಪ್ಪಿತು. ಅವರು ಏಳಲಿಲ್ಲ.