ಡೇಲಪ್ಪನ ಅಂಗಿ

ಅಂಕಲ್‌ಗೆ ಹೇಳಬಾರದು ಎಂಬ ಒಂದೇ ವಿಷಯದಲ್ಲಿ ಮೂವರಿಗೂ ಒಮ್ಮತವಿತ್ತು. ಉಳಿದಂತೆ ಆ ಸೋಮವಾರ ಬೆಳಗ್ಗೆ, ಬಸವೇಶ್ವರನಗರದ ಸಂಪತ್‌ನ ಬಾಡಿಗೆ ಮನೆಯಲ್ಲಿ, ಜಗಳವೋ ಜಗಳ.

"ಮೋಸ ಅಂದ್ರೆ ಮೋಸ ಕಣೋ. ಅದ್ರಲ್ಲಿ ಅರ್ಧ ಮೋಸ, ಕಾಲು ಮೋಸ ಅಂತೆಲ್ಲ ಇರಲ್ಲ," ಎಂದಳು ಸೌಮ್ಯಶ್ರೀ.

"ಚಳಿಗೆ ಚೆಂಡಿನ ಗಾಳಿ ಕುಗ್ಗುತ್ತೆ ತಾಯಿ," ಎಂದ ಸಂಪತ್. "ಡಿಸೆಂಬರ್‌ನಲ್ಲಿ ಬೆಳಗ್ಗೆ ಎದ್ದು ನಿನ್ನ ಆಕ್ಟಿವಾ ಟೈರ್ ಒತ್ತಿ ನೋಡು. ಅದಕ್ಕೂ ಡೇಲಪ್ಪನೇ ಬಂದು ಸೂಜಿ ಹಾಕಿದ್ನಾ?"

"ಹಂಗಿದ್ರೆ ಎದುರು ತಂಡದ ಚೆಂಡು ಯಾಕೆ ಗಟ್ಟಿಯಾಗಿತ್ತು? ಅವರ ಚೆಂಡಿಗೆ ಸ್ವೆಟರ್ ಹಾಕಿದ್ರಾ?"

ಸಂಪತ್ ಟೀವಿಯ ವೈರು ಸಿಕ್ಕಿಸುವ ನೆಪದಲ್ಲಿ ಬೆನ್ನು ತಿರುಗಿಸಿದ. ಇಬ್ಬರೂ ಸುದ್ದಿ ಓದಿದ್ದರು, ಮೂರನೆಯವನಾದ ವಿಶ್ವಾರಾಧ್ಯ ಇಡೀ ತನಿಖಾ ವರದಿಯನ್ನೇ ಓದಿದ್ದ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ ಅವನಿಗೆ, ತಾನು ಓದಿದ್ದು ಸರಿಯಾಗಿ ತಲೆಗೆ ಹೋಗಿದೆಯೋ ಇಲ್ಲವೋ ಎಂಬ ಅನುಮಾನ ಯಾವತ್ತೂ ಇದ್ದದ್ದೇ. ಅದಕ್ಕೇ ಎರಡನೇ ಸಲವೂ ಓದಿದ್ದ. ಎರಡನೇ ಸಲವೂ ಅದು ಅದನ್ನೇ ಹೇಳಿತ್ತು.

ಮೂವರೂ ಕೆಲಸ ಮಾಡುವುದು ರಾಜಾಜಿನಗರದ ಒಂದು ಆಫೀಸಿನಲ್ಲಿ. ಅಮೆರಿಕದ ಯಾವುದೋ ಸರೋವರದ ದಡದ ಚಳಿ ಊರಿನ ಆಸ್ಪತ್ರೆಯ ಬಿಲ್ಲುಗಳನ್ನು ವಿಮೆಗೆ ಕಳಿಸುವ ಕೆಲಸ, ಮಧ್ಯಾಹ್ನದ ಪಾಳಿ. ಸೋಮವಾರ ಫೋನಿಗೆ ಬರುವ ಆ ಊರಿನವರು ಮೊದಲು ಆಡುತ್ತಿದ್ದದ್ದು ತಮ್ಮ ಫುಟ್‌ಬಾಲ್ ತಂಡದ ಮಾತು. ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಒಬ್ಬರ ಮೇಲೊಬ್ಬರು ಬೀಳುವ ಅವರ ಫುಟ್‌ಬಾಲ್. ಹೂಂಗುಟ್ಟಲಿಕ್ಕಾದರೂ ಒಂದಿಷ್ಟು ತಿಳಿದಿರಲಿ ಎಂದು ನೋಡಲು ಶುರುಮಾಡಿದವನು ಅದೇ ಆಫೀಸಿನ ಗೆಳೆಯ ಚನ್ನವೀರೇಶ. ನೋಡುತ್ತ ನೋಡುತ್ತ ಅವನಿಗೆ ಹುಚ್ಚು ಹಿಡಿಯಿತು, ಹುಚ್ಚನ್ನು ಈ ಮೂವರಿಗೂ ಹಂಚಿದ. ಹೆರನ್ಸ್ ಎಂಬ ಆ ತಂಡಕ್ಕೆ 'ಕೊಕ್ಕರೆಗಳು' ಎಂದು ಹೆಸರಿಟ್ಟವನು ಅವನೇ. ಚೆಂಡೆಸೆಯುವ ನಾಯಕ ಡೇಲ್ ಮೆರಿಕ್‌ನನ್ನು ಡೇಲಪ್ಪ ಮಾಡಿದವನೂ ಅವನೇ.

ಚನ್ನವೀರೇಶ ಈಗಿಲ್ಲ. ಎರಡೂ ಮೂತ್ರಪಿಂಡ ಕೈಕೊಟ್ಟು, ಹೋದ ಬೇಸಿಗೆಯಲ್ಲಿ ಲಿಂಗೈಕ್ಯನಾದ.

ಹೋಗುವ ಮುಂಚೆ ಕೊಕ್ಕರೆಗಳು ಕಪ್ ಗೆದ್ದದ್ದನ್ನು ಅವನು ಕಣ್ಣಾರೆ ನೋಡಿದ್ದ. ಆಸ್ಪತ್ರೆಯ ಹಾಸಿಗೆಯ ಮೇಲೆ, ಟಿಫನ್ ಕ್ಯಾರಿಯರಿಗೆ ಫೋನು ಒರಗಿಸಿ. ಹಿಮ ಬೀಳುತ್ತಿದ್ದ ಮೈದಾನದಲ್ಲಿ ಡೇಲಪ್ಪ ಕೊನೆಯ ಗಳಿಗೆಯಲ್ಲಿ ಅಷ್ಟುದ್ದಕ್ಕೆ ಎಸೆದ ಚೆಂಡನ್ನು ಅವರ ಹುಡುಗ ಹಿಡಿದಾಗ, ಚನ್ನವೀರೇಶ ಕೂಗಿದ ಕೂಗಿಗೆ ನರ್ಸು ಓಡಿ ಬಂದಿದ್ದಳು. ಅವತ್ತು ರಾತ್ರಿ ಅವನು ಹೊಟ್ಟೆ ತುಂಬ ಉಂಡನಂತೆ. ಆಮೇಲೆ ಅವನು ಹಾಗೆ ಉಂಡದ್ದನ್ನು ಯಾರೂ ನೋಡಲಿಲ್ಲ.

ಈಗ ವರದಿ ಹೇಳುತ್ತಿರುವುದು ಆ ಪಂದ್ಯದ ಚೆಂಡಿನ ಬಗ್ಗೆಯೇ. ಆ ಆಟದಲ್ಲಿ ತಾನು ಎಸೆಯುವ ಚೆಂಡನ್ನು ಆಯಾ ತಂಡವೇ ತರುತ್ತದೆ. ಅಂಪೈರು ಅಳೆದು ಒಪ್ಪಿದ ಮೇಲೆ ಕೊಕ್ಕರೆಗಳ ಚೆಂಡಿನ ಚೀಲ ಹೊರುವ ಆಳು ಬಚ್ಚಲು ಹೊಕ್ಕು, ಸೂಜಿ ಚುಚ್ಚಿ ಒಂದೊಂದರಿಂದಲೂ ಸ್ವಲ್ಪ ಗಾಳಿ ಬಿಟ್ಟನಂತೆ. ಮೆತ್ತಗಾದ ಚೆಂಡು ಚಳಿಯಲ್ಲಿ ಕೈಗೆ ಚೆನ್ನಾಗಿ ಕೂರುತ್ತದೆ. ಡೇಲಪ್ಪನಿಗೆ ಇದು ಗೊತ್ತಿತ್ತು, ಅವನೇ ಹೇಳಿ ಮಾಡಿಸಿದ್ದು ಎಂದು ವರದಿ. ಈ ಸಲದ ಉಳಿದ ಪಂದ್ಯಗಳಿಂದ ಅವನನ್ನು ಹೊರಗಿಟ್ಟಿದ್ದರು.

"ಅಂಗಿ..." ಎಂದ ವಿಶ್ವಾರಾಧ್ಯ.

ಸಂಪತ್ ವೈರು ಕೈಬಿಟ್ಟು ತಿರುಗಿದ.

ಆ ಅಂಗಿ ಚನ್ನವೀರೇಶನ ಜೊತೆಗಿತ್ತು. ಬೆನ್ನ ಮೇಲೆ ಡೇಲಪ್ಪನ ಹೆಸರಿದ್ದ ನೀಲಿ ಅಂಗಿ. ರುದ್ರಭೂಮಿಯಲ್ಲಿ ಅವನನ್ನು ಸಮಾಧಿಯೊಳಗೆ ಕೂರಿಸಿ, ಎಡಗೈಗೆ ಲಿಂಗ ಕೊಟ್ಟು, ವಿಭೂತಿ ಪತ್ರೆ ತುಂಬಲು ಶುರುಮಾಡಿದಾಗ ವಿಶ್ವಾರಾಧ್ಯ ಮಡಚಿದ ಆ ಅಂಗಿ ಹಿಡಿದು ಮುಂದೆ ಹೋಗಿದ್ದ. ಹುಟ್ಟಿದಾಗಿನಿಂದ ನಾಲ್ಕು ಜನರ ಎದುರು ಬಾಯಿ ಬಿಡದವನು. "ಇದೆಲ್ಲ ಇಡೋ ಪದ್ಧತಿ ಇಲ್ಲಪ್ಪ," ಎಂದರು ಅಯ್ಯನವರು. ಗೊಣಗಾಟ ಎದ್ದಿತು. ಆಗ ಚನ್ನವೀರೇಶನ ತಂದೆ ಪಂಚಾಕ್ಷರಿಯವರು, "ಇಡಿ ಬುದ್ಧಿ. ಬೆನ್ನಿಗೆ ಇಡಿ. ಮಣ್ಣು ತಣ್ಣಗಿರುತ್ತೆ," ಎಂದರು. ಅಯ್ಯನವರು ಅಂಗಿ ಇಸಿದುಕೊಂಡರು.

ಕೆಳಗೆ ಗೇಟಿನ ಸದ್ದಾಯಿತು. "ಬಂದ್ರು, ಬಂದ್ರು. ಎಲ್ಲ ಬಾಯಿ ಮುಚ್ಕೊಳ್ಳಿ," ಎಂದ ಸಂಪತ್.

ಪಂಚಾಕ್ಷರಿ ಮೆಟ್ಟಿಲು ಹತ್ತಿ ಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಹೆಂಡತಿ ಬಸವರಾಜೇಶ್ವರಿ ಕಟ್ಟಿಕೊಟ್ಟ ಅವಲಕ್ಕಿ ಡಬ್ಬಿ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಮಗ ಹೋದ ಮೇಲೆ, ಹೊಸ ಪಂದ್ಯಗಳು ಶುರುವಾದ ಮೊದಲ ಸೋಮವಾರವೇ ವಿಜಯನಗರದಿಂದ ನಡೆದುಕೊಂಡು ಬಂದು ಬಾಗಿಲು ತಟ್ಟಿದ್ದರು. "ಅವನು ಎಲ್ಲಿ ಕೂತ್ಕೋತಿದ್ದ?" ಎಂದು ಕೇಳಿ, ಕಿಟಕಿ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಅವತ್ತು ಅವರಿಗೆ ಒಂದಕ್ಷರ ಅರ್ಥವಾಗಿರಲಿಲ್ಲ. ಈಗ ಇವರಿಗಿಂತ ಮೊದಲೇ "ಫೌಲು!" ಎನ್ನುತ್ತಿದ್ದರು.

ಅಲ್ಲಿಯ ಭಾನುವಾರ ರಾತ್ರಿಯ ಆಟ ಶುರುವಾಯಿತು. ಡೇಲಪ್ಪನ ಜಾಗದಲ್ಲಿ ಯಾವನೋ ಎಳೆಯ ಹುಡುಗ.

"ಎಲ್ಲಪ್ಪ ನಮ್ಮ ಡೇಲಪ್ಪ?"

ಸಂಪತ್ ತಕ್ಷಣ, "ಮಂಡಿ ನೋವು ಅಂಕಲ್," ಎಂದ.

"ಜಾಸ್ತಿನಾ?"

"ಆಪರೇಷನ್ ಅಂತೆ," ಎಂದು ಸಂಪತ್ ಇನ್ನೊಂದು ಸೇರಿಸಿದ. ಸುಳ್ಳು ಒಂದು ಸಲ ಹೊಸ್ತಿಲು ದಾಟಿದರೆ ಒಳಗೆ ಬಂದು ಕೂತೇ ಬಿಡುತ್ತದೆ.

"ಅಯ್ಯೋ ಪಾಪ. ತಾಯಿ ಇದಾರಾ ಅವನಿಗೆ?"

"ಇದಾರೆ ಅಂಕಲ್," ಎಂದಳು ಸೌಮ್ಯಶ್ರೀ, ಟೀವಿಯಿಂದ ಕಣ್ಣು ತೆಗೆಯದೆ. ಮೋಸದಲ್ಲಿ ಕಾಲು ಅರ್ಧ ಇಲ್ಲ ಎಂದಿದ್ದವಳೇ.

ಆ ವಾರವೆಲ್ಲ ವಿಶ್ವಾರಾಧ್ಯನಿಗೆ ಅನ್ನ ರುಚಿಸಲಿಲ್ಲ. ತಾನೂ ಅಲ್ಲಿ ಕೂತು ಕೇಳಿಸಿಕೊಂಡೆನಲ್ಲ, ತಾನೂ ಸುಳ್ಳು ಹೇಳಿದ ಹಾಗೇ ಅಲ್ಲವೇ? ಹೇಳಿದರೆ ಆ ಮುದುಕರ ಕೈಯಲ್ಲಿ ಉಳಿದಿರುವ ಒಂದೇ ಒಂದನ್ನೂ ಕಿತ್ತುಕೊಂಡ ಹಾಗಲ್ಲವೇ? ಮಲ್ಲತ್ತಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತ ಎರಡನ್ನೂ ತೂಗಿ ನೋಡಿದ. ಒಂದು ಸುತ್ತಿಗೆ ಹೇಳಬೇಕು ಎನಿಸಿದರೆ ಇನ್ನೊಂದು ಸುತ್ತಿಗೆ ಬೇಡ ಎನಿಸುತ್ತಿತ್ತು.

ಮುಂದಿನ ಸೋಮವಾರ ಪಂಚಾಕ್ಷರಿ ಅವಲಕ್ಕಿ ಡಬ್ಬಿಯ ಜೊತೆ ಒಂದು ಕಾಗದದ ಪೊಟ್ಟಣವನ್ನೂ ತಂದರು. ಒಳಗೆ ವಿಭೂತಿ, ಬಿಲ್ವಪತ್ರೆ.

"ಮಠದಲ್ಲಿ ರುದ್ರಾಭಿಷೇಕ ಮಾಡಿಸಿದೆ, ಡೇಲಪ್ಪನ ಮಂಡಿಗೆ. ಹೆಸರು ಹೇಳಿದೆ, ಬರ್ಕೊಂಡ್ರು. ಗೋತ್ರ ಅಂದ್ರು. ನಂಗೇನ್ ಗೊತ್ತು?" ಅವರು ಒಂದಿಷ್ಟು ನಾಚಿಕೊಂಡು ನಕ್ಕರು. "ನಮ್ಮದೇ ಹೇಳ್ಬಿಟ್ಟೆ. ನಮ್ಮವನಿಗೆ ಹುಷಾರಿಲ್ದಾಗ ಪ್ರತಿ ಸೋಮವಾರ ಮಾಡಿಸ್ತಿದ್ನಲ್ಲ, ಅದೇ ಚೀಟಿ. ಚನ್ನವೀರೇಶ ಅನ್ನೋ ಕಡೆ ಇವನ ಹೆಸರು ಹಾಕ್ಸಿದೆ. ಇದನ್ನ ಅಲ್ಲಿಗೆ ಕಳ್ಸೋಕಾಗುತ್ತಾ ನಿಮ್ಮ ಆಫೀಸಿಂದ?"

ಸಂಪತ್ ಎದ್ದು ಅಡುಗೆಮನೆಗೆ ಹೋದ. ಅಲ್ಲಿ ನಲ್ಲಿಯ ನೀರು ಬಹಳ ಹೊತ್ತು ಹರಿಯಿತು. ಸೌಮ್ಯಶ್ರೀ ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ವಿಚಾರಿಸ್ತೀನಿ ಅಂಕಲ್," ಎಂದಳು.

ಆಟ ಮುಗಿದ ಮೇಲೆ ವಿಶ್ವಾರಾಧ್ಯ, "ಬನ್ನಿ ಅಂಕಲ್, ಮನೆ ತನಕ ಬಿಡ್ತೀನಿ," ಎಂದ. ಸಂಪತ್ ಬಾಗಿಲಲ್ಲಿ ಅವನ ತೋಳು ಹಿಡಿದು, "ಬೇಡ ಗುರು. ನಿನ್ನ ಮುಖ ನೋಡಿದ್ರೇ ಗೊತ್ತಾಗ್ತಿದೆ. ದಮ್ಮಯ್ಯ, ಬೇಡ," ಎಂದು ಪಿಸುಗುಟ್ಟಿದ. ವಿಶ್ವಾರಾಧ್ಯ ತೋಳು ಬಿಡಿಸಿಕೊಂಡ.

ವಿಜಯನಗರದ ಮನೆಯ ಗೇಟಿನ ಎದುರು ಸ್ಕೂಟರ್ ನಿಲ್ಲಿಸಿ ಹೇಳಿದ. ಚೆಂಡು, ಸೂಜಿ, ಬಚ್ಚಲು, ವರದಿ, ಎಲ್ಲ. ಚಳಿಯಿಂದಲೂ ಹಾಗಾಗಿರಬಹುದು ಎನ್ನುವವರಿದ್ದಾರೆ ಎಂದೂ ಹೇಳಿದ. ಒಂದು ಮಾತೂ ಹೆಚ್ಚಾಗಬಾರದು, ಕಮ್ಮಿಯೂ ಆಗಬಾರದು ಎಂದು ತಡೆದು ತಡೆದು ಹೇಳಿದ.

ಪಂಚಾಕ್ಷರಿ ಗೇಟಿನ ಸರಳು ಹಿಡಿದು ನಿಂತೇ ಕೇಳಿಸಿಕೊಂಡರು.

"ಮಂಡಿಗೇನಾಗಿಲ್ಲ?"

"ಇಲ್ಲ ಅಂಕಲ್."

"ಅಂಗಡಿಯೋರು ತಕ್ಕಡಿ ತಟ್ಟೆ ಅಡಿ ಹುಣಸೆಹಣ್ಣು ಅಂಟಿಸಿರೋರು. ನಾನು ಹೋಗಿ ಹಿಡಿದಾಗ ಎಲ್ರದೂ ಒಂದೇ ಮಾತು. 'ನಂಗೊತ್ತಿಲ್ಲ ಸ್ವಾಮಿ, ಆಳು ಮಾಡಿರೋದು' ಅಂತ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನೂರು ಗ್ರಾಂ ಮೋಸಕ್ಕೆ ಅಂಗಡಿಗೆ ಬೀಗ ಹಾಕಿಸಿದೀನಿ ಕಣಪ್ಪ ನಾನು. ಯಾವ ಪಂದ್ಯ ಅದು? ಆಸ್ಪತ್ರೇಲಿ ಅವನು ನೋಡಿದ್ದೇನಾ?"

"ಹೌದು."

"ಆ ಕೊನೇ ಎಸೆತ?"

"ಅದೂ ಆ ಚೆಂಡೇ ಅಂಕಲ್."

ಒಳಗಿನಿಂದ ಬಸವರಾಜೇಶ್ವರಿ, "ಯಾರ್ರೀ ಅದು? ಒಳಗ್ ಕರ್ಕೊಂಡ್ ಬರ್ರಿ," ಎಂದರು. ಪಂಚಾಕ್ಷರಿ ಆ ಕಡೆ ತಿರುಗಲಿಲ್ಲ.

"ಅಂಗಿ ತೆಗೆಸೋಕಾಗಲ್ಲ, ಅಲ್ವಾ?" ಎಂದರು. ಪ್ರಶ್ನೆಯೋ ಉತ್ತರವೋ ತಿಳಿಯಲಿಲ್ಲ. "ನಾನೇ ಇಡಿ ಅಂದಿದ್ದು," ಎನ್ನುತ್ತ ಗೇಟು ತೆಗೆದು ಒಳಗೆ ಹೋದರು.

ಅದರ ಮುಂದಿನ ಸೋಮವಾರ ಅವರು ಬರಲಿಲ್ಲ. ಆಟ ಶುರುವಾಗಿ ಎಷ್ಟೋ ಹೊತ್ತಾದರೂ ಯಾರೂ ಕಿಟಕಿ ಪಕ್ಕದ ಕುರ್ಚಿಯ ಕಡೆ ನೋಡಲಿಲ್ಲ.

"ನೆಮ್ಮದಿಯಾಯ್ತಾ ಸತ್ಯ ಹರಿಶ್ಚಂದ್ರನಿಗೆ?" ಎಂದ ಸಂಪತ್. ಅವನ ಕಣ್ಣು ಕೆಂಪಾಗಿತ್ತು.

"ಬಿಡೋ ಅವನನ್ನ," ಎಂದಳು ಸೌಮ್ಯಶ್ರೀ.

"ಬಿಡಲ್ಲ. ಆ ಮನುಷ್ಯನಿಗೆ ವಾರಕ್ಕೊಂದು ದಿನ ಇತ್ತು. ಒಂದೇ ಒಂದು ದಿನ. ನಾನು ಸುಳ್ಳು ಹೇಳಿ ಉಳಿಸಿದ್ದೆ. ಇವನು ನಿಜ ಹೇಳಿ ತೆಗೆದ."

ಹೌದು ಎಂದುಕೊಂಡ ವಿಶ್ವಾರಾಧ್ಯ. ಎದ್ದು ಹೊರಟ.

ವಿಜಯನಗರದ ಮನೆಯಲ್ಲಿ ಬಸವರಾಜೇಶ್ವರಿ ಒಬ್ಬರೇ ಇದ್ದರು. "ಅಲ್ಲಿಗೆ ಹೋಗಿದಾರಪ್ಪ," ಎಂದರು. ಎಲ್ಲಿಗೆ ಎಂದು ಅವನು ಕೇಳಲಿಲ್ಲ.

ರುದ್ರಭೂಮಿಯಲ್ಲಿ ಬಿಸಿಲು ಏರುತ್ತಿತ್ತು. ಪಂಚಾಕ್ಷರಿ ಸಮಾಧಿಯ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ ಕೂತಿದ್ದರು. ಕಾಲ ಬಳಿ ಚಪ್ಪಲಿ ಜೋಡಿಸಿಟ್ಟಿದ್ದರು. ವಿಶ್ವಾರಾಧ್ಯ ಬಂದು ನಿಂತಾಗ ಸರಿದು ಜಾಗ ಕೊಟ್ಟರು.

"ತಪ್ಪಾಯ್ತು ಅಂಕಲ್. ನಾನು ಹೇಳಬಾರದಿತ್ತು."

"ನೀನು ಹೇಳದೆ ಇನ್ಯಾರ್ ಹೇಳ್ಬೇಕಪ್ಪ? ಅವತ್ತೇ ಮನೇಲಿ ಇವಳಿಗೆ ಹೇಳ್ದೆ. ಹೋಗ್ಲಿ ಬಿಡ್ರಿ, ಆಟ ತಾನೇ ಅಂದ್ಲು. ಇವನಿಗೂ ಹೇಳೋಣ ಅಂತ ಬಂದೆ. ಹೇಳ್ದೆ ಕೂಡ." ಅವರು ಕೈಬೆರಳಿಂದ ಮಣ್ಣಿನ ಮೇಲಿದ್ದ ಒಣ ಎಲೆಯೊಂದನ್ನು ಸರಿಸಿದರು. "ಒಂದ್ ಮಾತು ಕೇಳ್ತೀನಿ. ನೀನು ಅವನ ಜೊತೆ ದಿನಾ ಇದ್ದೋನು. ಈಗ ನೀವ್ ಮೂರು ಜನ ಜಗಳ ಆಡಿರ್ತೀರಲ್ಲ ಇದರ ಮೇಲೆ. ಅವನು ಇದ್ದಿದ್ರೆ ಯಾರ ಪರ ಮಾತಾಡ್ತಿದ್ದ?"

ವಿಶ್ವಾರಾಧ್ಯ ಬಾಯಿ ತೆರೆದ.

ಡೇಲಪ್ಪನ ಪರ ಎನ್ನಲು ಹೊರಟ. ಡೇಲಪ್ಪನನ್ನು ಯಾರಾದರೂ ಒಂದು ಮಾತಂದರೆ ಚನ್ನವೀರೇಶ ಅವತ್ತಿಡೀ ಊಟ ಬಿಡುತ್ತಿದ್ದ. ಆದರೆ ತರಕಾರಿ ಅಂಗಡಿಯಲ್ಲಿ ತಕ್ಕಡಿಯ ಮುಳ್ಳು ನಿಲ್ಲುವ ತನಕ ದುಡ್ಡು ಕೊಡದವನೂ ಅವನೇ, ಈ ಅಪ್ಪನ ಮಗ. ಹಾಗಾದರೆ ಸೌಮ್ಯಶ್ರೀಯ ಪರವೇ? ವಿಶ್ವಾರಾಧ್ಯ ಗೆಳೆಯನ ದನಿಯನ್ನು ನೆನಪಿಗೆ ಕರೆದ. "ಲೋ ವಿಶ್ವ, ಕೇಳಿಲ್ಲಿ" ಎಂಬಷ್ಟು ಕೇಳಿಸಿತು. ಅದರ ಮುಂದಿನ ಮಾತು ಬರಲಿಲ್ಲ. ಮತ್ತೆ ಕರೆದ. ಅಷ್ಟೇ ಕೇಳಿಸಿತು.

ಅವನಿಗೆ ಸಂಪತ್ ಏನನ್ನುತ್ತಾನೆ ಗೊತ್ತಿತ್ತು, ಸೌಮ್ಯಶ್ರೀ ಏನನ್ನುತ್ತಾಳೆ ಗೊತ್ತಿತ್ತು. ಇಷ್ಟು ದಿನ, ಚನ್ನವೀರೇಶ ಹೀಗನ್ನುತ್ತಿದ್ದ, ಹಾಗನ್ನುತ್ತಿದ್ದ ಎಂದು ಪ್ರತಿ ಆಟಕ್ಕೂ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿದ್ದರು. ಅವನು ಹೋದ ಮೇಲೆ ಹುಟ್ಟಿದ ಮೊದಲ ಜಗಳ ಇದು.

"ಗೊತ್ತಿಲ್ಲ ಅಂಕಲ್," ಎಂದ. ಅಳು ಬಂತು.

"ನಂಗೂ ಗೊತ್ತಾಗ್ತಿಲ್ಲಪ್ಪ," ಎಂದರು ಪಂಚಾಕ್ಷರಿ. "ಹೆತ್ತೋನು ನಾನು. ಬೆಳಗಿಂದ ಕೂತು ಕೇಳ್ತಿದೀನಿ. ಏನೂ ಅನ್ತಿಲ್ಲ ಅವನು."

ವಿಶ್ವಾರಾಧ್ಯನ ಭುಜ ಹಿಡಿದು ಎದ್ದರು. ಚಪ್ಪಲಿ ಮೆಟ್ಟಿಕೊಂಡರು. ಸ್ಕೂಟರ್ ಹತ್ತಿ ಎಂದರೆ, ನಡೆದುಕೊಂಡು ಹೋಗುತ್ತೇನೆ ಎಂದರು.

"ಸೋಮವಾರ ಇನ್ನು ನಾನು ಬರಲ್ಲ, ಬೇಜಾರು ಮಾಡ್ಕೋಬೇಡಿ. ಆ ಕುರ್ಚಿಲಿ ಕೂತ್ರೆ ಇನ್ಮೇಲೆ ನಾನೇ ಇರ್ತೀನಿ, ಅವನು ಇರಲ್ಲ."

ಬನ್ನಿ ಎನ್ನಬೇಕಿತ್ತು. ಆದರೆ ಅವರು ಹೇಳಿದ್ದು ನಿಜವಾಗಿತ್ತು. ಪಂಚಾಕ್ಷರಿ ಗೇಟು ದಾಟಿ, ಬಸ್ಸು ಆಟೋಗಳ ನಡುವೆ ರಸ್ತೆಯ ಅಂಚು ಹಿಡಿದು ನಿಧಾನವಾಗಿ ನಡೆದು ಹೋದರು. ವಿಶ್ವಾರಾಧ್ಯ ಸ್ಕೂಟರನ್ನು ತಳ್ಳಿಕೊಂಡು, ಅವರಿಗೆ ಕಾಣದಷ್ಟು ಹಿಂದೆ, ಮನೆಯ ತನಕ ನಡೆದ.